ಹೊಳೆವ್ವ ಹುಡುಕಿದ ಹೇನು

ಹೇನು ಹಾರುವುದಿಲ್ಲ ಎಂಬುದನ್ನು ಹೊಳೆವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದನ್ನು ಆಕೆ ತಾನೇ ಕಂಡುಹಿಡಿದಳು. ಶಾಲೆಯ ಹಿಂದಿನ ಮೆಟ್ಟಿಲ ಮೇಲೆ ಬಿಳಿ ಅರಿವೆಯ ತುಂಡು ಹಾಸಿ, ಅದರ ನಡುವೆ ಒಂದು ಹೇನು ಬಿಟ್ಟು, ಒಂದು ಇಡೀ ಮಧ್ಯಾಹ್ನ ಅದರ ಎದುರು ಕುಕ್ಕರುಗಾಲಲ್ಲಿ ಕೂತಿದ್ದಳು. ಹೇನು ಪಾಪ, ಹಾರಲಿಲ್ಲ, ಜಿಗಿಯಲಿಲ್ಲ, ಇದ್ದಲ್ಲೇ ತಡವರಿಸಿತು. ಒಂದು ಕೂದಲು ಮುಂದೆ ಹಿಡಿದರೆ ಮಾತ್ರ ಸರಸರ ಹತ್ತಿತು. ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟ ಇನ್ನೊಂದು ಮೂರನೇ ದಿನಕ್ಕೆ ಸತ್ತೇ ಹೋಗಿತ್ತು. ಅಂದಮೇಲೆ ಅದು ಗೋಡೆಯಿಂದ ಬರುವುದಲ್ಲ, ಬೆಂಚಿನಿಂದ ಬರುವುದಲ್ಲ, ತಲೆಗೆ ತಲೆ ತಾಗಿಯೇ ಬರಬೇಕು. ಇಷ್ಟು ತಿಳಿಯಬೇಕಾದರೆ ನಾವು ನೀವು ಕಲಿತವರನ್ನು ಕೇಳುತ್ತೇವೆ. ಹೊಳೆವ್ವ ಹೇನನ್ನೇ ಕೇಳಿದಳು.

ಬೀಳಗಿ ತಾಲೂಕಿನ ಒಂದು ಪುನರ್ವಸತಿ ಊರಿನ ಶಾಲೆಯಲ್ಲಿ ಈಕೆ ಬಿಸಿಯೂಟದ ಅಡುಗೆಯವಳು. ವಯಸ್ಸು ಐವತ್ತರ ಮೇಲೆ. ಎಷ್ಟು ಮೇಲೆ ಎಂಬುದು ಆಕೆಗೂ ಗೊತ್ತಿಲ್ಲ. ಹಳೆಯ ಊರು ಹಿನ್ನೀರಿನ ಪಾಲಾಗಿ ಎಂಟು ವರ್ಷವಾಗಿತ್ತು. ಊರು ಹೋದರೂ ಗಂಡ ಜಕ್ಕಪ್ಪ ಕುರಿ ಬಿಟ್ಟವನಲ್ಲ. ಮೇವು ಇದ್ದ ಕಡೆ ಹಿಂಡು ಹೊಡೆದುಕೊಂಡು ಹೋಗುವವನು, ತಿಂಗಳಿಗೊಮ್ಮೆ ಎರಡು ದಿನ ಮನೆಗೆ ಬಂದರೆ ಹೆಚ್ಚು. ಶಾಲೆಯ ಮೆಟ್ಟಿಲು ಹತ್ತದೆ ಬೆಳೆದ ಹೆಂಗಸಿಗೆ ಶಾಲೆಯೊಳಗೇ ಕೆಲಸ ಸಿಕ್ಕಿತೆಂದರೆ ಕೇಳಬೇಕೆ! ಬೇಳೆ ಬೇಯುವಷ್ಟು ಹೊತ್ತು ಪಾಠದ ಕೋಣೆಯ ಕಿಟಕಿಗೆ ಕಿವಿ ಕೊಟ್ಟು ನಿಂತುಬಿಡುವಳು. ಭೂಮಿ ತಿರುಗುವುದು ಖರೆಯಾದರೆ ತನ್ನ ಬೋಗುಣಿಯ ಸಾರು ಯಾಕೆ ತುಳುಕುವುದಿಲ್ಲ ಎಂದು ಆರನೇ ತರಗತಿಗೆ ಪಾಠ ಹೇಳುವ ಅಂಜನಾ ಅಕ್ಕೋರನ್ನು ಒಮ್ಮೆ ಕೇಳಿದ್ದಳು. ನಾಳೆ ಹೇಳುತ್ತೇನೆ ಎಂದಿದ್ದರು ಅಕ್ಕೋರು. ಆ ನಾಳೆ ಇನ್ನೂ ಬಂದಿರಲಿಲ್ಲ. ಹೀಗೆ ಏನಾದರೂ ತಲೆಗೆ ಹೊಕ್ಕಾಗ ತುರುಬಿಗೆ ಸಿಕ್ಕಿಸಿದ ಪಿನ್ನು ತೆಗೆದು, ಅದರ ತುದಿಯಿಂದ ಕೂದಲ ನಡುವೆ ಕೆರೆದುಕೊಳ್ಳುತ್ತ ನಿಲ್ಲುವುದು ಆಕೆಯ ರೂಢಿ. ಒಲೆಯ ಹೊಗೆ, ಬೆವರು, ಮಸಿ. ತುರಿಸದೆ ಇನ್ನೇನು ಮಾಡೀತು ಎಂದುಕೊಂಡಿದ್ದಳು.

ಎರಡು ಸಾವಿರದ ಆರನೇ ಇಸವಿಯ ಮಳೆಗಾಲದಲ್ಲಿ ಆಕೆಯ ತಲೆಗೆ ಹೊಕ್ಕದ್ದು ರೇಷ್ಮಾಳ ಹೇನು. ರೇಷ್ಮಾ ಬಾಜೂ ಮನೆಯ ಲಗಮವ್ವನ ಮಗಳು, ಆರನೇ ತರಗತಿ, ನಡು ಮುಟ್ಟುವ ದಟ್ಟ ಕೂದಲು. ಲಗಮವ್ವ ಹೊತ್ತು ಮೂಡುವ ಮುಂಚೆಯೇ ಕಬ್ಬಿನ ಕೆಲಸಕ್ಕೆ ಹೋಗುವವಳಾದ್ದರಿಂದ ಹುಡುಗಿಯ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ, ಬೈತಲೆಗೆ ಒಂದು ಮುತ್ತು ಕೊಟ್ಟು, ಶಾಲೆಗೆ ಜೊತೆಯಲ್ಲೇ ಕರೆದೊಯ್ಯುವುದು ಹೊಳೆವ್ವನ ಕೆಲಸವಾಗಿತ್ತು. ಕೆಲಸವೆಂದೇನು, ಆಕೆಯ ದಿನದ ಸುಖವೇ ಅದು.

ಆ ತಲೆಯಲ್ಲಿ ಎರಡು ತಿಂಗಳಲ್ಲಿ ನಾಲ್ಕು ಸಲ ಹೇನಾಯಿತು. ಪ್ರತಿ ಸಲವೂ ಬೇವಿನ ಎಣ್ಣೆ ಹಚ್ಚಿ, ಸೀರಣಿಗೆಯಿಂದ ಬಾಚಿ ಬಾಚಿ ತೆಗೆದರೂ ಹತ್ತು ಹನ್ನೆರಡು ದಿನಕ್ಕೆ ಮತ್ತೆ ಹಾಜರ್. ಅಕ್ಕೋರು ಹುಡುಗಿಯನ್ನು ಬಾಗಿಲ ಬಳಿ ಒಬ್ಬಳೇ ಕೂರುವಂತೆ ಮಾಡಿದರು. ಆಕೆ ಹಾದುಹೋದರೆ ಉಳಿದ ಹುಡುಗಿಯರು ತಮ್ಮ ಜಡೆಯನ್ನು ಎತ್ತಿ ಹಿಡಿದುಕೊಳ್ಳತೊಡಗಿದರು. ದಿನವಿಡೀ ದುಡಿದು ಬಂದು ಮಗಳ ತಲೆ ಬಾಚಿ ಬಾಚಿ ಸಾಕಾದ ಲಗಮವ್ವ, ಇನ್ನೊಂದು ಸಲ ಹೇನು ಕಂಡರೆ ತಲೆ ಬೋಳಿಸಿಯೇ ತೀರುತ್ತೇನೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಬೋಳಿಸಿದರೆ ತಾನು ಶಾಲೆಗೆ ಹೋಗುವುದಿಲ್ಲ ಎಂದಳು ರೇಷ್ಮಾ. ಹೋಗದಿದ್ದರೆ ಬಿಡು, ಸಣ್ಣ ತಮ್ಮನನ್ನು ನೋಡಿಕೊಂಡು ಮನೆಯಲ್ಲಿರು ಎಂದಳು ತಾಯಿ.

ಈ ಮಾತು ಗೋಡೆಯಾಚೆಯ ಹೊಳೆವ್ವನಿಗೂ ಕೇಳಿಸಿತು. ಆರನೇ ತರಗತಿಯಲ್ಲಿ ಒಮ್ಮೆ ಮನೆಯಲ್ಲಿ ಕೂತ ಹುಡುಗಿ ಮತ್ತೆ ಪಾಟಿಚೀಲ ಹಿಡಿದದ್ದನ್ನು ಆಕೆ ಈ ಓಣಿಯಲ್ಲಿ ಕಂಡಿರಲಿಲ್ಲ. ಬೈದು ಜಗಳ ತೆಗೆಯಬಹುದಿತ್ತು, ಬಾಯಿ ಏನು ಕಡಿಮೆಯದಲ್ಲ. ಆದರೆ ಆಕೆಯನ್ನು ಹಿಡಿದು ಅಲ್ಲಾಡಿಸಿದ ಪ್ರಶ್ನೆ ಬೇರೆಯೇ ಇತ್ತು: ತೆಗೆದ ಹೇನು ತಿರುಗಿ ಬರುವುದು ಎಲ್ಲಿಂದ?

ಅರಿವೆಯ ತುಂಡು, ಬೆಂಕಿಪೆಟ್ಟಿಗೆ ಎಲ್ಲ ಆದದ್ದು ಆಗಲೇ. ಸಾಲದ್ದಕ್ಕೆ ಇನ್ನೊಂದು ಕಿತಾಪತಿಯನ್ನೂ ಮಾಡಿದಳು. ರೇಷ್ಮಾಳ ಕಿವಿಯ ಹಿಂದೆ ಸೀರು ಅಂಟಿದ್ದ ಒಂದು ಕೂದಲನ್ನು ಬೇಕೆಂದೇ ಬಿಟ್ಟು, ಗುರುತಿಗೆ ಕೆಂಪು ದಾರದ ಎಳೆ ಕಟ್ಟಿದಳು. ಲಗಮವ್ವನಿಗೆ ತಿಳಿದಿದ್ದರೆ ಇಬ್ಬರನ್ನೂ ಸೇರಿಸಿ ಬೋಳಿಸುತ್ತಿದ್ದಳು. ದಿನಾ ಮುಂಜಾನೆ ಅದೊಂದೇ ಕೂದಲನ್ನು ಬೆಳಕಿಗೆ ಹಿಡಿದು ನೋಡುವುದು. ಎಂಟನೇ ದಿನ ಸೀರು ಬರೀ ಸಿಪ್ಪೆಯಾಗಿತ್ತು. ಪಕ್ಕದಲ್ಲಿ ಸಾಸಿವೆಯ ಅರ್ಧದಷ್ಟೂ ಇಲ್ಲದ ಒಂದು ಬಿಳಿಚು ಮರಿ. ಎಷ್ಟೇ ಬಾಚಿದರೂ ಸೀರು ಉಳಿಯುತ್ತದೆ, ಎಂಟು ದಿನಕ್ಕೆ ಒಡೆಯುತ್ತದೆ, ಆದ್ದರಿಂದ ಒಮ್ಮೆ ಬಾಚಿದರೆ ಸಾಲದು. ಅದನ್ನು ತಿಳಿದ ದಿನ ಹೊಳೆವ್ವ ಒಬ್ಬಳೇ ನಕ್ಕಳು.

ಆ ವಾರ ಮನೆಗೆ ಬಂದಿದ್ದ ಜಕ್ಕಪ್ಪನ ಮುಂದೆ ಇದನ್ನೆಲ್ಲ ಬಿಡಿಸಿ ಹೇಳಿದಳು. ಆತ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ. ಕುರಿಗೆ ಉಣ್ಣಿ ಹತ್ತಿದಾಗ ತಾವು ಮಾಡುವುದೂ ಅದನ್ನೇ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಔಷಧದ ನೀರಲ್ಲಿ ಅದ್ದುತ್ತೇವೆ, ಇದರಲ್ಲಿ ಹೊಸದೇನು ಎಂದ. ಆಮೇಲೆ ಕೇಳಿದ:

“ಅಲ್ಲ, ಒಂದ ಕುರಿ ತೊಳದ್ರ ಏನ ಬಂತು? ಹಿಂಡಿಗೆ ಹಿಂಡ ಒಂದ ದಿನ ತೊಳೀಬೇಕಲ್ಲ?”

ಮೂವತ್ತು ವರ್ಷ ಕುರಿಯವನ ಜೊತೆ ಬಾಳುವೆ ಮಾಡಿಯೂ ಇದು ತನಗೆ ಹೊಳೆಯಲಿಲ್ಲವಲ್ಲ ಎಂದು ಹೊಳೆವ್ವ ಹಣೆ ಚಚ್ಚಿಕೊಂಡಳು.

ಮರುದಿನವೇ ಅಕ್ಕೋರ ಬೆನ್ನು ಹತ್ತಿದಳು. ಅಕ್ಕೋರಿಗೆ ಅಂಜಿಕೆ: ನಮ್ಮ ಮಗುವಿಗೆ ಹೇನಿದೆ ಎಂದಿರಾ ಎಂದು ತಾಯಂದಿರು ಜಗಳಕ್ಕೆ ಬಂದರೆ? ಯಾರ ತಲೆಯಲ್ಲಿದೆ ಎಂದು ಹೇಳುವುದೇ ಬೇಡ, ಎಲ್ಲರಿಗೂ ಎಣ್ಣೆ, ಎಲ್ಲರಿಗೂ ಸೀರಣಿಗೆ ಎಂದಳು ಹೊಳೆವ್ವ. ಶನಿವಾರ ಮುಂಜಾನೆಯ ಶಾಲೆ. ಊಟ ಮುಗಿದ ಮೇಲೆ ಮೂವತ್ತೆರಡು ಹುಡುಗಿಯರು ವರಾಂಡದಲ್ಲಿ ಒಬ್ಬಳ ಹಿಂದೆ ಒಬ್ಬಳು ಕೂತು, ತಂತಮ್ಮ ಮುಂದಿನವಳ ತಲೆಯನ್ನು ಬಾಚಿದರು. ಗಂಡುಹುಡುಗರ ಕೂದಲು ಮೊದಲೇ ಗಿಡ್ಡ ಮಾಡಿಸಿಯಾಗಿತ್ತು. ಹೊಳೆವ್ವ ಎಣ್ಣೆಯ ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಓಡಾಡಿದಳು. ಹಳೆಯ ಊರಿನಲ್ಲಿ ಹೆಂಗಸರು ಮಧ್ಯಾಹ್ನದ ಹೊತ್ತು ಬೇವಿನ ಕಟ್ಟೆಯ ಮೇಲೆ ಕೂರುತ್ತಿದ್ದದ್ದು ಹೀಗೆಯೇ. ಅಲ್ಲಿ ಅತ್ತೆ ಮುದಕವ್ವ ಹೊಳೆವ್ವನ ಹಿಂದೆ ಕೂತು, ಬೈಯುತ್ತ ಬೈಯುತ್ತಲೇ ತಲೆ ನೋಡುತ್ತಿದ್ದಳು. ಅತ್ತೆ ಹೋದಳು, ಕಟ್ಟೆ ನೀರಿಗೆ ಹೋಯಿತು. ಹೊಸ ಊರಿನ ಗೆರೆ ಎಳೆದಂಥ ಓಣಿಗಳಲ್ಲಿ ಹಾಗೆ ಕೂರುವ ಜಾಗ ಯಾರಿಗೂ ಸಿಕ್ಕಿರಲಿಲ್ಲ.

ಎಂಟನೇ ದಿನ, ಅಂದರೆ ಮುಂದಿನ ಶನಿವಾರ, ಮತ್ತೆ ಸಾಲು ಕೂತಿತು. ಅಕ್ಕೋರು ತಾವೇ ಒಂದೊಂದು ತಲೆ ಬಗ್ಗಿಸಿ ನೋಡಿದರು. ಮೂವತ್ತೆರಡೂ ಸ್ವಚ್ಛ. ಸೋಮವಾರ ರೇಷ್ಮಾ ಬಾಗಿಲ ಬಳಿಯಿಂದ ಎದ್ದು ಎರಡನೇ ಬೆಂಚಿಗೆ ಬಂದಳು. ಹೊಳೆವ್ವ ಅಂದಿನ ಸಾರಿಗೆ ಒಗ್ಗರಣೆಯನ್ನು ಕೈ ಬಿಚ್ಚಿ ಹಾಕಿದಳು.

ಗುರುವಾರ ಮುಂಜಾನೆ ಜಡೆ ಹಾಕುವಾಗ ರೇಷ್ಮಾಳ ಕಿವಿಯ ಹಿಂದೆ ಒಂದು ಹೇನು ನಡೆದು ಹೋಯಿತು.

ಎಳ್ಳಿನಷ್ಟು ದೊಡ್ಡದು, ಬಲಿತದ್ದು. ಹೊಳೆವ್ವ ಅದನ್ನು ಹಿಡಿದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಉಳಿದ ಸೀರು ಒಡೆದು ಬಂದಿದ್ದರೆ ಐದು ದಿನದಲ್ಲಿ ಇಷ್ಟು ಬೆಳೆಯಲು ಸಾಧ್ಯವಿಲ್ಲ. ಇದು ಬೇರೆ ತಲೆಯಲ್ಲಿ ಉಂಡು ಬೆಳೆದು ಬಂದ ಹೇನು. ಯಾರ ತಲೆ? ಶಾಲೆಯ ತಲೆಗಳೆಲ್ಲ ಸ್ವಚ್ಛ. ಲಗಮವ್ವನದನ್ನೂ ತಮ್ಮನದನ್ನೂ ತಾನೇ ನೋಡಿದ್ದಾಗಿತ್ತು. ಕನ್ನಡಿಯಲ್ಲಿ ಎಲ್ಲವನ್ನೂ ಕಂಡಿದ್ದ ರೇಷ್ಮಾ ಅಳಲಿಲ್ಲ. ಮೆಲ್ಲಗೆ ಇಷ್ಟೇ ಅಂದಳು:

“ಆಯಿ, ಅವ್ವಗ ಹೇಳಬ್ಯಾಡ. ನನ್ನ ತಲೀನ ಹಂಗ ಐತಿ ಕಾಣಸ್ತೈತಿ.”

ಹೇಳದಿದ್ದರೇನು, ರವಿವಾರ ತಲೆಗೆ ಎರೆಯುವಾಗ ಲಗಮವ್ವ ನೋಡದೆ ಬಿಡುವವಳಲ್ಲ. ನಡುವೆ ಉಳಿದದ್ದು ಮೂರೇ ದಿನ.

ಈ ಸಲ ಹಿಂಡು ಹತ್ತಿರದಲ್ಲೇ ಇದ್ದುದರಿಂದ ಹಿಂದಿನ ರಾತ್ರಿ ಇನ್ನೊಮ್ಮೆ ಮನೆಗೆ ಬಂದಿದ್ದ ಜಕ್ಕಪ್ಪ ಅವತ್ತು ಮತ್ತೆ ಹೊರಟು ನಿಂತಿದ್ದ. ಹೆಂಡತಿ ಅಂಗಳದಲ್ಲಿ ನಿಂತು, ಪಿನ್ನಿನಿಂದ ತಲೆ ಕೆರೆಯುತ್ತ ಆದದ್ದನ್ನೆಲ್ಲ ಹೇಳಿದಳು. ಆತ ಬುತ್ತಿಯನ್ನು ಹೆಗಲಿಗೇರಿಸಿಕೊಂಡು ಒಂದೇ ಮಾತು ಕೇಳಿದ:

“ಹಿಂಡ ತೊಳದಿ ಖರೆ. ಕಂಬಳಿ ಕೊಡವಿದ್ಯೇನ?”

ತನ್ನ ಮೊದಲ ವರ್ಷದ ಕಥೆ ಹೇಳಿದ. ಇಡೀ ಹಿಂಡು ತೊಳೆದರೂ ಒಂದೇ ಒಂದು ಮರಿಗೆ ಉಣ್ಣಿ ತಪ್ಪುತ್ತಿರಲಿಲ್ಲವಂತೆ. ಅದು ಆತನ ಮುದ್ದಿನ ಮರಿ, ಚಳಿಗೆ ಅದನ್ನು ತನ್ನ ಕಂಬಳಿಯೊಳಗೆ ಮಲಗಿಸಿಕೊಳ್ಳುತ್ತಿದ್ದ. ಉಣ್ಣಿ ಇದ್ದದ್ದು ಆ ಕಂಬಳಿಯಲ್ಲೇ. ಹೇಳಿ ಮುಗಿಸಿ ಆತ ಹೊರಟುಹೋದ. ಹೊಳೆವ್ವನ ಕೈಯಲ್ಲಿದ್ದ ಪಿನ್ನು ಕೂದಲ ನಡುವೆಯೇ ನಿಂತಿತ್ತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೇ ಬಿಳಿ ಅರಿವೆ ಹಾಸಿ, ತುರುಬು ಬಿಚ್ಚಿ, ತಲೆ ಬಗ್ಗಿಸಿ ಸೀರಣಿಗೆ ಎಳೆದಳು. ಮೊದಲ ಎಳೆತಕ್ಕೇ ಮೂರು ಬಿದ್ದವು. ಎಣಿಸುವುದನ್ನು ಹನ್ನೊಂದಕ್ಕೆ ನಿಲ್ಲಿಸಿದಳು. ದಿನಾ ಆ ಬೈತಲೆಗೆ ಮುತ್ತು ಕೊಡಲು ತಾನು ಬಗ್ಗುತ್ತಿದ್ದದ್ದು ನೆನಪಾಗಿ, ಸೀರಣಿಗೆಯನ್ನು ಕೆಳಗಿಟ್ಟಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಳೆವ್ವ ಸುಮ್ಮನಿರಬಹುದಿತ್ತು. ಒಬ್ಬಳೇ ಕೂತು ಎಣ್ಣೆ ಹಚ್ಚಿ ತೆಗೆದುಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಎಪ್ಪತ್ತು ಮಕ್ಕಳಿಗೆ ಅನ್ನ ಬೇಯಿಸುವವಳ ತಲೆಯಲ್ಲಿ ಹೇನು ಎಂದು ಊರಿಗೆ ತಿಳಿದರೆ ಒಲೆಯ ಮುಂದೆ ನಿಲ್ಲಲು ಯಾರು ಬಿಡುತ್ತಾರೆ? ಆ ಕಿಟಕಿಯೂ ಹೋದಂತೆಯೇ, ಆ ಪಾಠಗಳೂ ಹೋದಂತೆಯೇ. ಎರಡು ದಿನ ಹೀಗೆ ಹೊಯ್ದಾಡಿದಳು, ಎರಡು ದಿನವೂ ಹುಡುಗಿಯನ್ನು ಮುಟ್ಟದೆ ದೂರದಿಂದಲೇ ರಿಬ್ಬನ್ ಕೊಟ್ಟಳು. ಆದರೆ ತನ್ನ ತಲೆಯೇ ಹಾಗೆ ಎಂದು ಆ ಹುಡುಗಿ ನಂಬಿ ಕೂತಿದ್ದಾಳಲ್ಲ, ಅದನ್ನು ಯಾವ ಸೀರಣಿಗೆ ತೆಗೆಯಬೇಕು?

ಶನಿವಾರ ಮಧ್ಯಾಹ್ನ ಶಾಲೆಗೆ ಬಾ ಎಂದು ಲಗಮವ್ವನಿಗೆ ಹೇಳಿಕಳಿಸಿದಳು. ಮತ್ತೆ ಹೇನೇ ಇರಬೇಕು ಎಂದು ಲಗಮವ್ವ ಕ್ಷೌರದ ಅಂಗಡಿಯವನಿಗೆ ನಾಳೆಗೆ ಹೇಳಿಯೇ ಬಂದಿದ್ದಳು. ವರಾಂಡದಲ್ಲಿ ಹುಡುಗಿಯರ ಸಾಲು ಕೂತಿತ್ತು. ಹೊಳೆವ್ವ ಎಣ್ಣೆಯ ಬಟ್ಟಲನ್ನು ಅಕ್ಕೋರ ಕೈಗೆ ಕೊಟ್ಟು, ತಲೆಯ ಮೇಲಿನ ಸೆರಗು ತೆಗೆದು, ತುರುಬು ಬಿಚ್ಚಿ, ಸಾಲಿನಲ್ಲಿ ರೇಷ್ಮಾಳ ಮುಂದೆ ಹೋಗಿ ಕೂತಳು.

“ಈ ಹುಡಿಗಿ ತಲಿ ಛಲೋ ಐತ್ರಿ ಅಕ್ಕೋರ. ಹೇನ ಇದ್ದದ್ದು ನನ್ನ ತಲ್ಯಾಗ. ದಿನಾ ಜಡಿ ಹಾಕೂಮುಂದ ನಾನ ಆಕಿಗೆ ಕೊಟ್ಟೇನಿ.”

ಅಕ್ಕೋರ ಮುಖ ಕೆಂಪಾಯಿತು; ಬಾಗಿಲ ಬಳಿಯ ಜಾಗವನ್ನು ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದರು. ತಲೆ ಪೂರಾ ಸ್ವಚ್ಛವಾಗುವ ತನಕ ಒಲೆಯ ಕಡೆ ಬರುವುದು ಬೇಡ, ಆಮೇಲೆ ನಿಮ್ಮ ಕೆಲಸ ನಿಮಗೇ ಎಂದು ಮೆತ್ತಗೆ ಹೇಳಿದರು. ಹೊಳೆವ್ವ ಹೂಂ ಎಂದಳು. ಹಿಂದೆ ಕೂತ ರೇಷ್ಮಾ ಆಗಲೇ ಎರಡೂ ಕೈಯಿಂದ ಕೂದಲು ಬಿಡಿಸುತ್ತಿದ್ದಳು. ಎಷ್ಟೊಂದು ಇವೆಯಲ್ಲ ಎಂದು ಬೆರಗಾಗಿ, ಆಯಿಯ ಪ್ರಶ್ನೆ ಕೇಳುವ ಚಟ ತನಗೂ ಹತ್ತಿದವಳಂತೆ ಕೇಳಿದಳು:

“ಆಯಿ, ನೀ ಎಲ್ಲಾರ ತಲಿ ನೋಡತಿ. ನಿನ್ನ ತಲಿ ಯಾರ ನೋಡತಾರ?”

ಇಷ್ಟು ದಿನ ಹೇನನ್ನು ನೂರೆಂಟು ಪ್ರಶ್ನೆ ಕೇಳಿದ ಹೊಳೆವ್ವ ಇದೊಂದನ್ನು ಕೇಳಿಕೊಂಡಿರಲಿಲ್ಲ. ಮುದಕವ್ವ ಹೋದಮೇಲೆ, ಎಂಟು ವರ್ಷದಲ್ಲಿ, ಆ ತಲೆಯನ್ನು ಒಬ್ಬರೂ ಮುಟ್ಟಿರಲಿಲ್ಲ.

ಲಗಮವ್ವ ಸಿಟ್ಟು ಮಾಡುತ್ತಾಳೆಂದು ಎಲ್ಲರೂ ಕಾದರು. ಆಕೆ ಬಂದು ಮಗಳನ್ನು ಪಕ್ಕಕ್ಕೆ ಸರಿಸಿ, ಸೀರಣಿಗೆ ಕಸಿದುಕೊಂಡು ಹೊಳೆವ್ವನ ಹಿಂದೆ ಕೂತಳು. ಕತ್ತಿನ ಕಡೆಯಿಂದ ಒಂದೊಂದೇ ಎಳೆ ಬಿಡಿಸತೊಡಗಿದಳು.

“ಗ್ವಾಡಿಗೆ ಗ್ವಾಡಿ ಹಚ್ಚಿ ಎಂಟ ವರ್ಷ ಆತು. ಒಂದ ಮಾತ ನನಗ ಹೇಳಬಾರದೇನ ಯಕ್ಕಾ?”

ಹೊಳೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಸೀರು ಉಳಿಯುತ್ತವೆ, ಎಂಟನೇ ದಿನಕ್ಕೆ ಮತ್ತೆ ನೋಡಬೇಕಾಗುತ್ತದೆ ಎಂದಳು. ಬರುತ್ತೇನೆ ಎಂದಳು ಲಗಮವ್ವ. ಕ್ಷೌರದ ಅಂಗಡಿಯವನಿಗೆ ನಾಳೆ ಬೇಡವೆಂದು ಮಗಳ ಕೈಯಲ್ಲೇ ಹೇಳಿಕಳಿಸಿದಳು.

ಮುಂದಿನ ಶನಿವಾರ ಅರ್ಧ ದಿನದ ಕೆಲಸ ಬಿಟ್ಟು ಬಂದಳು. ಅದರ ಮುಂದಿನ ಶನಿವಾರ ಹುಡುಕಿದರೂ ಹೊಳೆವ್ವನ ತಲೆಯಲ್ಲಿ ಒಂದು ಸೀರೂ ಸಿಗಲಿಲ್ಲ. ಅದರ ಮುಂದಿನ ಶನಿವಾರವೂ ಲಗಮವ್ವ ಬಂದಳು.