ಪಾಲಮಲೆಯಿಂದ ತುಂಡಾಗಿ ಬಂದ ಕರೆ

ಸೇಲಂನ ನಮ್ಮ ಮನೆಯಲ್ಲಿ ಅಪ್ಪ ಮಗ್ಗದ ಗುಂಡಿಗೆ ಕಾಲಿಳಿಸಿ ನೇಯುತ್ತಿದ್ದರು. ನನಗೆ ರಜೆ, ಪಕ್ಕದಲ್ಲಿ ಕೂತು ನೂಲು ಸುತ್ತುತ್ತಿದ್ದೆ. ಅಮ್ಮ ಪಾಲಮಲೆಗೆ ಹೋಗಿದ್ದಳು. ತಂಗಿ ಆ ಬೆಟ್ಟದ ಮೇಲಿನ ಶಾಲೆಯಲ್ಲಿ ಟೀಚರ್, ಅಲ್ಲೇ ಬಾಡಿಗೆ ಮನೆ. ಅವಳಿಗೆ ಜ್ವರ ಬಂದಿದೆಯೆಂದು ನೋಡಿಕೊಳ್ಳಲು ಹೋದವಳು.

ತಿಂಡಿ ಮುಗಿದ ಹೊತ್ತಿಗೆ ತಂಗಿಯಿಂದ ಇಂಟರ್‌ನೆಟ್ ಕರೆ ಬಂತು.

"ಅಕ್ಕಾ, ಅಮ್ಮನ್ಗೆ..." ಆಮೇಲೆ ಗರಗರ. "...ಆವು... ಕಾಲು..." ಕರೆ ಕಡಿಯಿತು.

ಹಾವು. ನೂಲಿನ ಉಂಡೆ ಕೈಯಿಂದ ಜಾರಿ ಉರುಳಿತು. ಮತ್ತೆ ಮತ್ತೆ ಕರೆ ಮಾಡಿದೆ. ಒಂದೂ ಸೇರಲಿಲ್ಲ.

ಇಂಟರ್‌ನೆಟ್ ಕೊಡುವ ಒಂದು ಚಿಕ್ಕ ಆಫೀಸಿನಲ್ಲಿ ದೂರು ಕೇಳುವುದು ನನ್ನ ಕೆಲಸ. ಮಾತು ಯಾಕೆ ತುಂಡಾಗುತ್ತದೆ ಎಂದು ದಿನವೂ ಯಾರಿಗೋ ಹೇಳುತ್ತಿರುತ್ತೇನೆ. ಮಾತು ಸಣ್ಣ ಸಣ್ಣ ಚೂರಾಗಿ ಹೊರಡುತ್ತದೆ. ಫೋನಿನಿಂದ ಟವರಿಗೆ ಗಾಳಿಯಲ್ಲಿ, ಅಲ್ಲಿಂದ ಮುಂದೆ ಹೆಚ್ಚಾಗಿ ನೆಲದೊಳಗಿನ ಕೇಬಲ್ಲಿನಲ್ಲಿ. ದಾರಿಯಲ್ಲಿ ಕಳೆದ ಚೂರಿಗಾಗಿ ಕರೆ ಕಾಯುವುದಿಲ್ಲ. ಬರೆದ ಮೆಸೇಜಾದರೆ ಕಳೆದ ಚೂರನ್ನು ಫೋನು ಮತ್ತೆ ಕಳಿಸುತ್ತದೆ, ತಲುಪಿತು ಎಂಬ ಉತ್ತರ ಬರುವವರೆಗೂ. ಇದನ್ನೆಲ್ಲ ಬಲ್ಲ ನಾನು ಕರೆ ಬಿಟ್ಟು ಮೆಸೇಜಿಗೆ ಕೈ ಹಾಕಿದೆ. ಮನೆಮಾತು ಕನ್ನಡವಾದರೂ ನಾನೂ ತಂಗಿಯೂ ಬರೆಯುತ್ತಿದ್ದದ್ದು ತಮಿಳಿನಲ್ಲಿ. ಬರೆದೆ: ಕಟ್ಟಬೇಡ, ಕುಯ್ಯಬೇಡ, ನಡೆಸಬೇಡ, ಕಾಲು ಅಲ್ಲಾಡದಂತೆ ಕೆಳಗೆ ತನ್ನಿ.

ಮೆಸೇಜಿನ ಪಕ್ಕ ಒಂದೇ ಟಿಕ್ ಗೆರೆ ಬಿತ್ತು.

ಅಪ್ಪ ಗುಂಡಿಯಿಂದ ಮೇಲೆದ್ದು ಬಂದಿದ್ದರು. "ಮೆಸೇಜು ಓಯ್ತಾ ಅವ್ವಾ?" ಎಂದು ನನ್ನನ್ನು ಕೇಳಿದರು.

"ನಮ್ ಫೋನಿಂದ ಓಗೈತೆ ಅಪ್ಪ. ಅವಳಿಗೆ ಇನ್ನೂ ಸೇರಿಲ್ಲ."

ಆಂಬುಲೆನ್ಸಿಗೆ ಫೋನ್ ಮಾಡಿ, ಬೆಟ್ಟದ ಕೆಳಗಿನ ಕೊಳತ್ತೂರು ಕಡೆಯಿಂದ ಬುಡಕ್ಕೆ ಬಂದು ನಿಲ್ಲಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ತಂಗಿಯಿಂದ ಒಂದು ಫೋಟೋ ಬಂತು. ಪೂರ್ತಿ ಚಿತ್ರವಲ್ಲ. ಚಿತ್ರ ಭಾರ, ಹಿಂದೆ ಉಳಿದಿತ್ತು. ಅದರ ಮಸುಕಾದ ನೆರಳಷ್ಟೇ ಮೊದಲು ತೂರಿ ಬಂದಿತ್ತು. ಮಣ್ಣಿನ ಬಣ್ಣ, ಉದ್ದಕ್ಕೆ ಏನೋ ಒಂದು, ಅದರ ಕೊನೆಯಲ್ಲಿ ಕೆಂಪು. ಕಾಲು ಯಾವುದು, ರಕ್ತ ಎಷ್ಟು, ಗೊತ್ತಾಗಲಿಲ್ಲ. ನಡುವೆ ಸುತ್ತುವ ಚಕ್ರ ನಿಲ್ಲಲೇ ಇಲ್ಲ.

"ನನ್ಗೂ ತೋರ್ಸು," ಅಂದರು ಅಪ್ಪ. ನಾನು ಫೋನನ್ನು ಎದೆಗೆ ಒತ್ತಿಕೊಂಡೆ.

ಆಮೇಲೆ ಎರಡನೆಯ ಗೆರೆಯೂ ಮೂಡಿತು. ತಂಗಿಯ ಫೋನಿಗೆ ಸೇರಿದೆ. ಆದರೆ ಯಾರೂ ಓದಿಲ್ಲ. ಮೊದಲಿನದಕ್ಕಿಂತ ಇದು ಘೋರವಾಗಿತ್ತು. ಫೋನ್ ಇದೆ, ಕೈಯಲ್ಲಿ ಹಿಡಿಯುವವರು ಯಾಕಿಲ್ಲ? ಅಪ್ಪ ಶರಟು ಹಾಕಿಕೊಂಡರು. ಶರಟಿನ ಗುಂಡಿ ತಪ್ಪಿ ತಪ್ಪಿ ಬೀಳುತ್ತಿತ್ತು, ನಾನೇ ಹಾಕಿದೆ.

ಮೇಟ್ಟೂರು ಬಸ್ಸಿನಲ್ಲಿ ಕೂತ ಮೇಲೆ ಉತ್ತರ ಬಂತು: "ಡೋಲಿಯಲ್ಲಿ ಹೊತ್ತು ಜೀಪಿನ ತನಕ ತಂದಿದ್ದೇವೆ. ಮಾತಾಡುತ್ತಿದ್ದಾಳೆ."

ಅಪ್ಪನಿಗೆ ಓದಿ ಹೇಳಿದೆ. "ಇನ್ನೊಂದ್ ಸಲ ಓದು," ಅಂದರು. ಮತ್ತೆ ಓದಿದೆ. ಅವರು ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿದರು. ನನಗಿನ್ನೂ ಧೈರ್ಯ ಬರಲಿಲ್ಲ. ಈ ಮಾತು ಹೊರಟದ್ದು ಯಾವಾಗಲೋ. ಈಗಲೂ ಮಾತಾಡುತ್ತಿದ್ದಾಳೆಯೇ?

ಬೆಟ್ಟದ ಬುಡದಿಂದ ಆಂಬುಲೆನ್ಸ್ ಅಮ್ಮನನ್ನು ಮೇಟ್ಟೂರು ಆಸ್ಪತ್ರೆಗೆ ತಂದಿತ್ತು. ಅವಳ ಕಾಲು ಮೊಣಕಾಲಿನವರೆಗೂ ಊದಿತ್ತು, ಕೈಗೆ ಡ್ರಿಪ್ ಹಾಕಿದ್ದರು. "ಸೌದೆ ಎಳೆಯೋಕೋದೆ, ಕಚ್ಬುಡ್ತು," ಅಂದಳು, ತಪ್ಪು ಮಾಡಿದವಳಂತೆ. ವಿಷ ಇಳಿಯಲು ಔಷಧಿ ಕೊಟ್ಟಾಗಿದೆ, ಇವತ್ತು ನೋಡಬೇಕು ಎಂದರು ಡಾಕ್ಟರು.

ಹೊರಗೆ ವರಾಂಡದಲ್ಲಿ ತಂಗಿ ಅತ್ತಳು. ಅವಳ ಮನೆಯ ಹತ್ತಿರ ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಮೇಲೆ ಮಾತ್ರ. ಫೋಟೋ ಹೋಗಲೆಂದು ಫೋನನ್ನು ಅಲ್ಲಿಟ್ಟು ಅಮ್ಮನ ಹತ್ತಿರ ಓಡಿದ್ದಳಂತೆ.

"ಪಕ್ಕದ್ಮನೆ ತಾತ ಬ್ಲೇಡ್ ತಂದು ಕುಂತಿದ್ರು ಅಕ್ಕಾ. ಕುಯ್ದು ವಿಷ ತೆಗೀತೀನಿ ಅಂದ್ರು. ಒಂದ್ ನಿಮ್ಷ ಇರಿ ತಾತ ಅಂತ ಓಡೋಗಿ ಫೋನ್ ನೋಡ್ದೆ. ಕುಯ್ಯಬೇಡ ಅಂತ ಇತ್ತು."

ಅಮ್ಮ ಉಳಿದಳು. ಕಚ್ಚಿದ ಜಾಗದ ಚರ್ಮ ಕಪ್ಪಾಯಿತು, ಬಹಳ ದಿನ ಕುಂಟಿದಳು. ಆ ಫೋಟೋ ಅವತ್ತೇ ಸಂಜೆ ವಾರ್ಡಿನಲ್ಲಿ ಪೂರ್ತಿ ತೆರೆದುಕೊಂಡಿತ್ತು. ಉದ್ದಕ್ಕಿದ್ದದ್ದು ಹಾವು ಕಚ್ಚಿದ ಕಾಲು, ರಕ್ತ ಅಂದುಕೊಂಡದ್ದು ಅಮ್ಮನ ಸೀರೆಯ ಕೆಂಪು ಅಂಚು. ಆದರೂ ಆ ಬೆಳಗು ಮತ್ತೆ ಬೇಡವೆಂದು, ನಾನದನ್ನು ಅಪ್ಪನಿಗೆ ತೋರಿಸದೆ ಅಳಿಸಿಬಿಟ್ಟೆ.