ಅಪ್ಪ ನೆಟ್ಟ ಗಳ

ವಡಗೇರಾ ತಾಲೂಕಿನ ನಮ್ಮೂರು ಕೃಷ್ಣೆಯ ದಂಡೆಗೆ ಅಂಟಿಕೊಂಡೇ ಇದೆ. ಹೀಗಾಗಿ ಊರವರಿಗೆ ಪೂರ್ವ, ಪಶ್ಚಿಮಗಳ ಅಗತ್ಯವೇ ಬಿದ್ದಿಲ್ಲ. ಎಮ್ಮೆ ಎಲ್ಲಿಗೆ ಹೋಯಿತು ಎಂದರೆ 'ಹೊಳಿ ಕಡಿಗೆ'. ಸೊಸೆ ಯಾವೂರಿನವಳು ಎಂದರೆ 'ಹೊಳಿ ಆಚಿಗೆ'. ಮಗ ಹುಟ್ಟಿದ್ದು ಯಾವಾಗ ಎಂದರೆ 'ಹೊಳಿ ಗುಡಿ ಮೆಟ್ಟಲಿಗಿ ಬಂದ ವರ್ಷ'. ಆಚೆ ದಂಡೆ ಬೇರೆ ಜಿಲ್ಲೆ ಎಂದು ಸರಕಾರ ಹೇಳುತ್ತದೆ, ಹೇಳಿಕೊಳ್ಳಲಿ. ನಮಗದು ಬೀಗರ ಊರು. ನಮ್ಮ ಹೆಣ್ಣುಮಕ್ಕಳು ಅಲ್ಲಿ, ಅವರ ಹೆಣ್ಣುಮಕ್ಕಳು ಇಲ್ಲಿ. ಜಗಳ ಆಡಬೇಕೆಂದರೂ ಹೊಳೆ ದಾಟಿಯೇ ಆಡಬೇಕು.

ಮಳೆಗಾಲದಲ್ಲಿ ಹರಿಗೋಲು. ಬೇಸಿಗೆಯಲ್ಲಿ ನೀರು ಮೊಳಕಾಲಿಗೆ, ಅಲ್ಲಲ್ಲಿ ಸೊಂಟಕ್ಕೆ ಇಳಿದ ಮೇಲೆ ಕಾಲುನಡಿಗೆ. ಶಹಾಪುರಕ್ಕೆ ಹೋಗಿ, ಸೇತುವೆ ದಾಟಿ, ಸುತ್ತಿ ಬಳಸಿ ಹೋಗುವುದಕ್ಕೆ ಅರ್ಧ ದಿನ ಬೇಕು. ಹೊಳೆಯಲ್ಲಿ ನಡೆದರೆ ಬಾಯಲ್ಲಿ ಹಾಕಿಕೊಂಡ ಎಲೆ ಅಡಿಕೆ ಮುಗಿಯುವುದರೊಳಗೆ ಆ ದಂಡೆ. ಆದರೆ ಆ ದಾರಿ ಒಂದು ವರ್ಷ ಇದ್ದಲ್ಲಿ ಇನ್ನೊಂದು ವರ್ಷ ಇರುವುದಿಲ್ಲ. ಪ್ರವಾಹ ಬಂದು ಉಸುಕನ್ನೆಲ್ಲ ಎಳೆದಾಡಿ ಹೋಗುತ್ತದೆ. ಹೊಸದಾಗಿ ದಾರಿ ಹುಡುಕಿ ಗುರುತು ನೆಡುವ ಕೆಲಸ ನಮ್ಮ ಮನೆತನದ್ದು, ಅಂದರೆ ನನ್ನ ಅಪ್ಪನದು.

ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅಪ್ಪ ಧೋತರ ಮೇಲಕ್ಕೆ ಕಟ್ಟಿ ಒಬ್ಬನೇ ನೀರಿಗಿಳಿಯುತ್ತಿದ್ದ. ದಂಡೆಯ ಮೇಲೆ ನಿಂತವರು ಪಿಟಕ್ ಎನ್ನುವಂತಿಲ್ಲ. ಒಂದು ಹೆಜ್ಜೆ ಇಟ್ಟು, ಪಾದದಿಂದ ಉಸುಕನ್ನು ಒತ್ತಿ ನೋಡಿ, ಇನ್ನೊಂದು ಹೆಜ್ಜೆ. ಗಟ್ಟಿ ನೆಲ ಸಿಕ್ಕಲ್ಲಿ ಬಿದಿರಿನ ಗಳ ನೆಟ್ಟು, ತುದಿಗೆ ಅರಿಷಿಣದ ಅರಿವೆ ಕಟ್ಟುತ್ತಿದ್ದ. ಆಮೇಲೆ ಊರಿನವರು ಒಂದು ಗಳದಿಂದ ಇನ್ನೊಂದು ಗಳಕ್ಕೆ ನೆಟ್ಟಗೆ ನಡೆದರೆ ಸಾಕು. ಸುಗ್ಗಿಯಲ್ಲಿ ಮನೆಗೊಂದು ಮೊರ ಜೋಳ ಕೊಡಬೇಕೆಂಬ ಪದ್ಧತಿ ಇತ್ತು. ಮರೆತವರನ್ನು ಕಂಡರೆ ಅಪ್ಪ ನಗುತ್ತ, "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗು ಯಾಕ್ರಿ" ಎನ್ನುತ್ತಿದ್ದ, ಅಷ್ಟೇ.

ಅವನ ಕಟ್ಟಳೆ ಎರಡೇ. ನೆಟ್ಟ ಗಳವನ್ನು ಯಾರೂ ಮಲಗಿಸಬಾರದು, ಹೊಸ ನೀರು ಬಂದು ಹೊಳೆಯೇ ಒಯ್ಯಬೇಕು. ಒಂದು ಗಳ ಕಾಣದಿದ್ದರೂ ಮುಂದೆ ಹೋಗದೆ ತಿರುಗಿ ಬರಬೇಕು. ಊರಿನ ಸಣ್ಣ ಮಕ್ಕಳಿಗೂ ಇದು ಬಾಯಿಪಾಠ. ನಾನೂ ನನ್ನ ತಮ್ಮನೂ ಇದನ್ನು ಕೇಳಿಕೊಂಡೇ ಬೆಳೆದವರು.

ನನ್ನನ್ನು ಸುರಪುರಕ್ಕೆ ಕೊಟ್ಟರು. ಅಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ತಮ್ಮ ಊರಲ್ಲೇ ಉಳಿದ. ಮೀನು ಕಡಿಮೆಯಾದ ಮೇಲೆ ಅವನು ಹೊಳೆಯಲ್ಲೇ ಬೇರೆ ಕೂಲಿ ಹಿಡಿದ, ಟ್ರ್ಯಾಕ್ಟರಿಗೆ ಉಸುಕು ತುಂಬುವುದು. ಮೊದಲು ಸಲಿಕೆ ಇತ್ತು, ಆಮೇಲೆ ಯಂತ್ರ ಬಂತು. ಯಾರ ಯಂತ್ರ ಎಂಬುದು ಊರಿಗೆಲ್ಲ ಗೊತ್ತು, ಆಡಿ ತೋರಿಸುವ ಗಂಡಸು ಮಾತ್ರ ಇರಲಿಲ್ಲ. ಅಪ್ಪ ಮಗನ ಜೊತೆ ಮಾತು ಬಿಟ್ಟಿದ್ದ. "ಹೊಳಿ ಹೊಟ್ಟಿ ಬಗದು ಉಣ್ಣಾಕತ್ತಾನ" ಎಂದು ಗೋಡೆಗೆ ಹೇಳುತ್ತಿದ್ದ.

ಯಂತ್ರ ಬಂದ ಬೇಸಿಗೆಯಲ್ಲೇ ನಮ್ಮ ಪಕ್ಕದ ಮನೆಯ ಕಾಕಿ ಆಚೆ ದಂಡೆಗೆ ಹೊರಟಳು. ಅವಳ ಮಗಳು ನನ್ನ ವಾರಿಗೆಯವಳು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಬಸುರಿಯಾಗಿದ್ದಳು, ಅವತ್ತು ಅವಳ ಸೀಮಂತದ ಕುಬಸ. ಕಾಕಿ ತಲೆಯ ಮೇಲೆ ಬುತ್ತಿಯ ಬುಟ್ಟಿ, ಅದರ ಮೇಲೆ ಹಸಿರು ಸೀರೆ ಇಟ್ಟುಕೊಂಡು ಮುಂದೆ ನಡೆದಿದ್ದಳು. ಹಿಂದೆ ಓಣಿಯ ಇಬ್ಬರು ಹೆಂಗಸರು. ನಡುಹೊಳೆಯಲ್ಲಿ ಒಂದು ಗಳ ಬಿಟ್ಟು ಇನ್ನೊಂದರ ಕಡೆಗೆ ತಿರುಗಿದಳಂತೆ. ಮರುಕ್ಷಣ ಬುಟ್ಟಿ ಮಾತ್ರ ನೀರ ಮೇಲೆ ತೇಲುತ್ತಿತ್ತು. ಯಂತ್ರ ತೋಡಿದ ಗುಂಡಿ ಆಳು ಎತ್ತರಕ್ಕೂ ಮಿಕ್ಕಿತ್ತು. ಮೇಲಿನ ನೀರು ನೋಡಿದರೆ ಎಲ್ಲ ಒಂದೇ.

ಹರಿಗೋಲು, ಬಲೆ ತಂದು ನೂರು ಜನ ನೀರಿಗಿಳಿದು ಹುಡುಕಿದರು. ಆ ಗದ್ದಲದಲ್ಲಿ ಗಳಗಳೆಲ್ಲ ಕಿತ್ತುಹೋದವು. ಕಾಕಿ ಸಂಜೆಗೆ ಸಿಕ್ಕಳು. ಯಂತ್ರ ಅಷ್ಟರೊಳಗೆ ಊರು ಬಿಟ್ಟಿತ್ತು. ಊರಿನವರು ಅಪ್ಪನಿಗೆ, "ನಿನ್ನ ತಪ್ಪೇನದ, ಗುಂಡಿ ತೋಡಿದವರದು" ಎಂದು ಸಮಾಧಾನ ಹೇಳಿದರು.

"ಗುಂಡಿ ಅವರದು. ಗಳ ನನ್ನದು," ಎಂದ ಅಪ್ಪ.

ತನ್ನ ಕಣ್ಣು ಮಂಜಾಗಿ ಗಳ ಸೊಟ್ಟ ನೆಟ್ಟಿದ್ದೇನೆ ಎಂದೇ ಅವನು ತಿಳಿದ. ಒಂದು ವಾರ ಕಳೆಯುವುದರೊಳಗೆ ಊರೂ ಅದನ್ನೇ ಹೇಳತೊಡಗಿತು. ಮುದುಕನ ಪಾದಕ್ಕೆ ಮರೆವು ಬಂದಿದೆ ಎಂದರು. ಊರ ಬಾಯಿಗೇನು, ಅದಕ್ಕೆ ಯಾರಾದರೊಬ್ಬರು ಬೇಕು.

ಕಾಕಿಯ ಮಣ್ಣಿಗೆ ಹೋಗಿದ್ದ ನಾನು ಮೂರನೆಯ ದಿನವೂ ತವರಲ್ಲೇ ಇದ್ದೆ. ತಮ್ಮ ನನ್ನನ್ನು ಹಿತ್ತಲಿಗೆ ಕರೆದ. ಅವನು ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ.

"ಅಕ್ಕಾ, ಆ ಗಳ ನಾನೇ ಕಿತ್ತೀನಿ. ಟ್ರ್ಯಾಕ್ಟರ್ ಹಾಯಬೇಕಿತ್ತು. ಡ್ರೈವರ್ ಬೀಸಿ ಒಗಿ ಅಂದ. ಅಪ್ಪನ ಗಳ ಹ್ಯಾಂಗ ಒಗೀಲಿ? ಅರಿಷಿಣದ ಅರಿವಿ ಕಟ್ಟಿದ್ದು. ಮಲಗಸಬಾರದಲ್ಲ ಅಂತ ನಾಲ್ಕು ಮಾರು ಮ್ಯಾಲಕ್ಕ ನಟ್ಟೆ. ಸಂಜೀಕ ತಿರುಗಿ ಮೊದಲಿನ ಜಾಗಾದಾಗ ನಡಬೇಕಂತಿದ್ದೆ. ಮರತೆ ಅಕ್ಕಾ. ಮರತುಬಿಟ್ಟೆ."

ಅವನು ಅದನ್ನು ಕಸದಂತೆ ಎಸೆದಿದ್ದರೆ ಕಾಕಿ ಬದುಕುತ್ತಿದ್ದಳು. ಗಳ ಕಾಣಲಿಲ್ಲವೆಂದು ತಿರುಗಿ ಬರುತ್ತಿದ್ದಳು. ಅಪ್ಪನ ಮೇಲಿನ ಭಕ್ತಿಯಿಂದ ನೆಟ್ಟಗೆ ನಿಲ್ಲಿಸಿದ, ಅದೇ ಅವಳನ್ನು ಕೊಂದಿತು. ಬೇರೆ ಊರಿನವನಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ.

"ಅಪ್ಪಗ ಹೇಳಬ್ಯಾಡ," ಎಂದು ತಮ್ಮ ನನ್ನ ಕಾಲು ಹಿಡಿದ. "ಮನಿಯಾಗ ಇಟ್ಟುಕೊಳ್ಳೂದಿಲ್ಲ. ತಾನೇ ಪೊಲೀಸರ ಕಡಿ ಕರಕೊಂಡು ಹೋಗ್ತಾನ."

ಅದು ನಿಜ, ಅಪ್ಪ ಅಂಥವನೇ. ತಮ್ಮನಿಗೆ ಎರಡು ಚಿಕ್ಕ ಮಕ್ಕಳು. ಹೋದ ಜೀವ ತಿರುಗಿ ಬರುತ್ತದೆಯೇ ಎಂದುಕೊಂಡೆ. ಬಾಯಿಗೆ ಬೀಗ ಹಾಕಿಕೊಂಡು ಸುರಪುರದ ಬಸ್ಸು ಹತ್ತಿದೆ. ಅಂಗಡಿಯಲ್ಲಿ ಕೂತು ಬೆಲ್ಲ, ಬ್ಯಾಳಿ ತೂಗುತ್ತ ಬಂದವರೊಡನೆ ನಗುತ್ತ ಇದ್ದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಅಪ್ಪ ಮತ್ತೆ ನೀರಿಗಿಳಿಯಲಿಲ್ಲ. ಸ್ನಾನಕ್ಕೂ ಹೊಳೆಗೆ ಹೋಗಲಿಲ್ಲ, ಮನೆ ಮುಂದಿನ ನಳದ ಕೆಳಗೆ ಕೂರುತ್ತಿದ್ದ. ಅವನ ಕೆಲಸವನ್ನು ಮಾಡಲು ಯಾರೂ ಮುಂದೆ ಬರಲಿಲ್ಲ, ಕಾಲುದಾರಿ ಅಲ್ಲಿಗೆ ನಿಂತಿತು. ಈಗ ಬೀಗರ ಮನೆಗೆ ಹೋಗುವವರು ಶಹಾಪುರ ಸುತ್ತಿ ಹೋಗುತ್ತಾರೆ, ಹೀಗಾಗಿ ಹೋಗುವುದೇ ಕಡಿಮೆ. ಹೋದ ವರ್ಷ ಒಂದೇ ಒಂದು ಹೆಣ್ಣು ಹೊಳೆ ಆಚೆಗೆ ಮದುವೆಯಾಗಿ ಹೋಯಿತು. ನಾನು ತವರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತು ತನ್ನ ಅಂಗಾಲನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. "ಏನಪ್ಪಾ?" ಎಂದರೆ, "ಎಲ್ಲಿ ತಪ್ಪಿತು ಅಂತ ನೋಡಾಕತ್ತೀನಿ" ಎನ್ನುತ್ತಿದ್ದ. ಒಂದೇ ಒಂದು ಮಾತು ಸಾಕಾಗಿತ್ತು. ಗಂಟಲವರೆಗೆ ಬರುತ್ತಿತ್ತು, ಆಗ ತಮ್ಮನ ಮಕ್ಕಳು ಅಂಗಳದಲ್ಲಿ ಓಡಿಬರುತ್ತಿದ್ದರು. ನಾಲ್ಕನೆಯ ವರ್ಷ ಅಪ್ಪ ತೀರಿಕೊಂಡ. ಪಾದಕ್ಕೆ ಮರೆವು ಬಂದವನೆಂದೇ ಊರು ಅವನನ್ನು ಮಣ್ಣು ಮಾಡಿತು.

ಅವನ ತಿಥಿ ಮುಗಿಸಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಯಾರಿಗೂ ಹೇಳದೆ ಶಹಾಪುರಕ್ಕೆ ಬಂದು, ಸೇತುವೆ ದಾಟಿ, ಕಾಕಿಯ ಮಗಳ ಊರಿಗೆ ಹೋದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ, ತಮ್ಮನ ಹೆಸರನ್ನೂ ಮುಚ್ಚಿಡಲಿಲ್ಲ. ಬಯ್ಯಲಿ, ಹೊಡೆಯಲಿ ಎಂದು ಗಟ್ಟಿಯಾಗಿಯೇ ಹೋಗಿದ್ದೆ.

ಅವಳು ಮೊರ ಕೆಳಗಿಟ್ಟಳು.

"ನಿಮ್ಮಪ್ಪಗ ಇದು ಗೊತ್ತಿತ್ತೇನು?"

"ಇಲ್ಲ. ನಾ ಹೇಳಲಿಲ್ಲ."

"ವರ್ಷಾ ವರ್ಷಾ ಬರ್ತಿದ್ದ ಆ ಮುದುಕ," ಎಂದಳು. "ಅವ್ವ ಹೋದ ದಿನ ತಪ್ಪಸ್ತಿದ್ದಿಲ್ಲ."

ನನಗೆ ಗೊತ್ತೇ ಇರಲಿಲ್ಲ. ಕಣ್ಣಿನ ಔಷಧಕ್ಕೆ ಶಹಾಪುರಕ್ಕೆ ಹೋಗುತ್ತೇನೆಂದು ಅಪ್ಪ ಮನೆಯಲ್ಲಿ ಹೇಳಿ ಹೋಗುತ್ತಿದ್ದ.

"ತಪ್ಪಾಗ್ಯಾದ ಯವ್ವಾ ಅಂತ ಅಲ್ಲಿ ಕಟ್ಟಿ ಮ್ಯಾಲ ಕುಂದರ್ತಿದ್ದ. ನಾ ಒಳಗಿಂದ ಹೊರಗ ಬರ್ತಿದ್ದಿಲ್ಲ. ನಮ್ಮವ್ವನ್ನ ಕೊಂದಾನ, ಕುಂದರಲಿ ಅಂತಿದ್ದೆ. ಕಡೀ ಸಲ ಬಂದಾಗ ಬಿಸಲು ಭಾಳ ಇತ್ತು. ಕುಡ್ಯಾಕ ನೀರು ಕೇಳಿದ." ಅವಳು ಬಾಗಿಲ ಕಡೆ ನೋಡಿದಳು. "ಕೊಡಲಿಲ್ಲ ನಾನು. ಬಾಗಲಾ ಹಾಕ್ಕೊಂಡೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಸಿಟ್ಟು ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನೀ ಒಂದು ಮಾತು ಹೇಳಿದ್ದರ ಕೊಡ್ತಿದ್ನಲ್ಲವ್ವಾ," ಎಂದಳು.