ಒಲೆಯ ಮುಂದೆ ಶೂ ಹಾಕಿಕೊಂಡವಳು

ತಮ್ಮನ ಹೆಂಡತಿಗೆ ಅಡುಗೆ ಬಾರದು, ಅದಕ್ಕೇ ಒಲೆಯ ಮುಂದೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಾಳೆ ಎಂದು ನಿವೃತ್ತ ಮೇಷ್ಟ್ರು ಬಹುಕಾಲ ನಂಬಿದ್ದರು. ಆಕೆ ಆಂಬುಲೆನ್ಸ್ ಡ್ರೈವರ್. ಕರೆ ಬಂದೊಡನೆ ಹೊರಡಲು ಶೂ ಹಾಕಿಕೊಂಡೇ ಬೇಯಿಸುತ್ತಾಳೆ ಎಂಬುದು ಅವರಿಗೆ ಹೊಳೆದದ್ದು ಈ ಭಾನುವಾರ.

ಹಾಸ್ಟೆಲಿನಿಂದ ಬಂದಿದ್ದ ಆಕೆಯ ಮಗಳು ಮೂರು ಗಂಟೆಯ ಬಸ್ಸಿಗೆ ವಾಪಸು ಹೊರಡಬೇಕಿತ್ತು. ಪಾಸ್ತಾ ಕುದಿಯುತ್ತಿತ್ತು, ಸಾಸಿಗೆ ಒಂದು ತರಕಾರಿಯೂ ಇರಲಿಲ್ಲ. ತಾಯಿ ಫೋನಿನ ಮೇಲೊಂದು ಕಣ್ಣಿಟ್ಟು, ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಡಬ್ಬದ ತಳದ ಟೊಮೆಟೊ ಪೇಸ್ಟು ಕೆರೆದು, ಒಣಮೆಣಸಿನ ಚೂರು ಉದುರಿಸಿ, ಪಾಸ್ತಾ ಬೆಂದ ನೀರನ್ನೇ ಒಂದು ಸೌಟು ಸುರಿದಳು.

ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. “ಇದು ಯಾವ ಶೈಲಿಯ ಸಾಸಮ್ಮಾ?”

“ಮನೇಲಿ ಇದ್ದದ್ದರ ಶೈಲಿ, ಭಾವ. ಈಗ ದಾರಿ ಬಿಡಿ, ಫೋನ್ ಬರೋದ್ರೊಳಗೆ ಮಗಳ ಜೊತೆ ಕೂತು ನಾಲ್ಕು ತುತ್ತು ತಿನ್ಬೇಕು.”